ಮೀನಿನ ತಲೆಯಲ್ಲಿ ಸಿಕ್ಕ ಗಾಜಿನಂಥ ಕಲ್ಲು ಕಾಯಿಲೆಯ ಗುರುತೇ?

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಕೊಂಡ ಜಿಲೇಬಿ ಮೀನಿನ ತಲೆ ಸಾರು ಮಾಡಿದ್ದೆವು. ತಲೆಯೊಳಗೆ ಎರಡು ಪುಟ್ಟ ಕಲ್ಲು ಸಿಕ್ಕವು. ಒಂದು ಸುಣ್ಣದಂತೆ ಬಿಳಿ, ಇನ್ನೊಂದು ಕಲ್ಲುಸಕ್ಕರೆ ಚೂರಿನಂತೆ ತಿಳಿ. ಮೀನಿಗೆ ಕಾಯಿಲೆ ಇತ್ತೇ? ತಿಂದದ್ದು ತಪ್ಪಾಯಿತೇ?

ಉತ್ತರ: ತಿಂದದ್ದರಲ್ಲಿ ತಪ್ಪೇನೂ ಇಲ್ಲ. ಇದು ಅಂಟುರೋಗವಲ್ಲ, ಮಾಂಸಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳ ಹಲ್ಲಿಗೆ ಕಲ್ಲು ಸಿಗದಂತೆ ನೋಡಿಕೊಂಡರೆ ಸಾಕು.

ನಿಮಗೆ ಸಿಕ್ಕದ್ದು ಕಿವಿಗಲ್ಲು. ಮೀನಿನ ಬುರುಡೆಯೊಳಗೆ ಇಂಥವು ಮೂರು ಜೊತೆ ಇರುತ್ತವೆ. ಜಿಲೇಬಿಯಲ್ಲಿ ಕಣ್ಣಿಗೆ ಬೀಳುವಷ್ಟು ದೊಡ್ಡದು ಸಜಿಟ್ಟಾ ಎನ್ನುವ ಜೊತೆ. ನಿಮ್ಮ ಎರಡೂ ಕಲ್ಲುಗಳ ಪದಾರ್ಥ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಹರಳು ಕಟ್ಟಿದ ಬಗೆ ಮಾತ್ರ ಬೇರೆ. ಬಿಳಿಯದು ಅರಾಗೊನೈಟ್, ಅದೇ ಸಹಜ. ತಿಳಿಯಾಗಿರುವ ಕಲ್ಲು ಬಹುತೇಕ ವ್ಯಾಟರೈಟ್. ಒಂದು ಕಿವಿಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಹೀಗಾಗುವುದು ಅಪರೂಪವೇನಲ್ಲ.

ಕಿವಿಗಲ್ಲು ಪದರ ಪದರವಾಗಿ ಮೀನಿನ ಜೀವನವಿಡೀ ಬೆಳೆಯುತ್ತದೆ. ಯಾವ ಹರಳು ಕಟ್ಟಬೇಕೆಂಬುದರಲ್ಲಿ ಒಳಗಿವಿಯ ಪ್ರೋಟೀನುಗಳ ಕೈವಾಡ ದೊಡ್ಡದು. ಜೀಬ್ರಾ ಮೀನಿನಲ್ಲಿ ಸ್ಟಾರ್‌ಮೇಕರ್ ಎಂಬ ಒಂದು ಪ್ರೋಟೀನನ್ನು ತಗ್ಗಿಸಿದ್ದಕ್ಕೇ ದುಂಡಗಿರಬೇಕಾದ ಕಲ್ಲು ನಕ್ಷತ್ರದ ಆಕಾರ ತಾಳಿ, ಕ್ಯಾಲ್ಸೈಟ್ ಎಂಬ ಮೂರನೇ ಬಗೆಯ ಹರಳಾಯಿತು ಎಂದು 2003ರಲ್ಲಿ ಗೊತ್ತಾಯಿತು. ಸಾಕಣೆಯ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ವ್ಯಾಟರೈಟ್ ಸಹಜ ನೀರಿನಲ್ಲಿ ಬೆಳೆದ ಮೀನಿಗಿಂತ ಸುಮಾರು 10 ಪಟ್ಟು ಹೆಚ್ಚು ಎಂದು 2016ರ ಅಧ್ಯಯನ ತೋರಿಸಿತು. ಮರುವರ್ಷದ ಅಧ್ಯಯನದಲ್ಲಿ ಬೇಗ ಬೇಗ ಬೆಳೆದ ಮೀನುಗಳಲ್ಲೇ ಇದು ಹೆಚ್ಚು ಕಂಡಿತು. ಎಂದರೆ ಅವಸರದ ಬೆಳವಣಿಗೆ ಒಂದು ದೊಡ್ಡ ಕಾರಣ. ಒಮ್ಮೆ ವ್ಯಾಟರೈಟ್ ಕಟ್ಟತೊಡಗಿದರೆ ಮೇಲಿನ ಪದರಗಳೂ ಸಾಮಾನ್ಯವಾಗಿ ಅದೇ ಜಾಡು ಹಿಡಿಯುತ್ತವೆ.

ಪೆಟ್ಟು ಬೀಳುವುದು ಮೀನಿನ ಕೇಳುವ ಶಕ್ತಿಗೆ. ನೀರಿನಲ್ಲಿ ಸದ್ದು ಹಾಯ್ದಾಗ ಮೈ ಅಲುಗುತ್ತದೆ, ಭಾರದ ಕಲ್ಲು ತುಸು ಹಿಂದೆ ಬೀಳುತ್ತದೆ. ಆ ಅಂತರದಿಂದ ಕಲ್ಲಿನಡಿಯ ರೋಮಕೋಶಗಳು ಬಾಗುತ್ತವೆ, ಮೀನಿಗೆ ಕೇಳಿಸುತ್ತದೆ. ಅರಾಗೊನೈಟ್‌ನ ಸಾಂದ್ರತೆ ಸುಮಾರು 2.9, ವ್ಯಾಟರೈಟ್‌ನದು ಸುಮಾರು 2.6. ಕಲ್ಲು ಹಗುರಾದಷ್ಟೂ ಅಂತರ ಕಡಿಮೆ, ಕಿವಿ ಮಂದ. ತೊಟ್ಟಿಯಲ್ಲಿ ಸಾಕಿ ಮಾರುವವರಿಗೆ ಇದರಿಂದ ತೂಕದಲ್ಲಾಗಲಿ ಬೆಲೆಯಲ್ಲಾಗಲಿ ನಷ್ಟವಿಲ್ಲ. ಆದರೆ ಮರಿ ಬೆಳೆಸಿ ಕೆರೆಗೋ ಕನ್ನಂಬಾಡಿ ಹಿನ್ನೀರಿಗೋ ಬಿಡುವವರು ಇದನ್ನು ಲಘುವಾಗಿ ಕಾಣಬಾರದು. ತಿನ್ನಲು ಬರುವ ದೊಡ್ಡ ಮೀನಿನ ಸುಳಿವು ಹಿಡಿಯಲು ಆ ಮರಿಗೆ ಕಿವಿಯೂ ಬೇಕು.

ಈಗ ಒಂದು ಎಚ್ಚರಿಕೆ. ತಿಳಿ ಕಲ್ಲು ಕಂಡ ಕೂಡಲೇ ದೋಷವೆಂದು ತೀರ್ಮಾನಿಸಬೇಡಿ, ಯಾವ ಮೀನು ಎಂದು ಮೊದಲು ಕೇಳಿ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯಂಥ ಮೀನುಗಳಲ್ಲಿ ಸಜಿಟ್ಟಾ ಸೂಜಿಯಂತೆ ತೆಳು, ಮುಟ್ಟಿದರೆ ಮುರಿಯುತ್ತದೆ. ಅವುಗಳಲ್ಲಿ ಆಸ್ಟರಿಸ್ಕಸ್ ಎಂಬ ಚಪ್ಪಟೆ ಕಲ್ಲು ಹುಟ್ಟಿನಿಂದಲೇ ವ್ಯಾಟರೈಟ್. ಜಿಲೇಬಿಯಲ್ಲಿ ದೋಷವಾದದ್ದು ಕಾಟ್ಲಾದಲ್ಲಿ ಸಹಜ!

ಸಾರಿನಿಂದ ತೆಗೆದ ಕಲ್ಲು ಪರೀಕ್ಷೆಗೆ ಒಳ್ಳೆಯದಲ್ಲ. ಹುಣಸೆಹುಳಿ ಅದರ ಮೇಲ್ಮೈಯನ್ನು ಕೊರೆಯುತ್ತದೆ. ಹಸಿ ತಲೆಯನ್ನೇ ತೆಗೆದುಕೊಳ್ಳಿ. ಕಣ್ಣಿನ ಮೇಲಂಚಿನ ಮಟ್ಟಕ್ಕೆ ಚಾಕು ಇಟ್ಟು ಬುರುಡೆಯ ಮುಚ್ಚಳವನ್ನು ಅಡ್ಡಲಾಗಿ ಕೊಯ್ದು ಎತ್ತಿ. ಮಿದುಳನ್ನು ಸರಿಸಿದರೆ ಅದರ ಹಿಂಭಾಗದ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕುಳಿ ಇದೆ, ಕಲ್ಲು ಅಲ್ಲಿರುತ್ತದೆ. ಚಿಮಟದಿಂದ ಮೆಲ್ಲಗೆ ಎತ್ತಿ, ಅಂಟಿದ ಪೊರೆ ಬಿಡಿಸಿ, ಬರೀ ನೀರಿನಲ್ಲಿ ತೊಳೆದು ಒಣಗಿಸಿ. ಕಪ್ಪು ಬಟ್ಟೆಯ ಮೇಲಿಟ್ಟು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಅರಾಗೊನೈಟ್ ಹಾಲುಬಿಳಿ, ಅಂಚು ನಯ; ವ್ಯಾಟರೈಟ್ ಕಟ್ಟಿದ ಕಡೆ ಗಾಜಿನ ಹೊಳಪು, ಅಂಚು ಅಂಕುಡೊಂಕು. ವಿನೆಗರ್, ನಿಂಬೆಹುಳಿ ಸೋಕಿಸಬೇಡಿ. ಫಾರ್ಮಲಿನ್‌ನಲ್ಲೂ ಇಡಬೇಡಿ, ಅದು ಹುಳಿಯಾದಂತೆ ಕಲ್ಲು ಕರಗುತ್ತದೆ. ಒಣ ಪೊಟ್ಟಣ ಸಾಕು. ಖಚಿತವಾಗಿ ತಿಳಿಯಬೇಕಾದರೆ ಬೆಳಕಿನಿಂದ ಹರಳಿನ ಬಗೆ ಗುರುತಿಸುವ ಪ್ರಯೋಗಾಲಯದ ಉಪಕರಣ, ರಾಮನ್ ಸ್ಪೆಕ್ಟ್ರೋಮೀಟರ್ ಬೇಕು.

ಕಲ್ಲಿನ ಉಂಗುರ ಎಣಿಸಿ ಮೀನಿನ ವಯಸ್ಸು ಹೇಳುವ ವಿದ್ಯಾರ್ಥಿಗಳಿಗೆ ಒಂದು ಮಾತು: ವ್ಯಾಟರೈಟ್ ಭಾಗದಲ್ಲಿ ಉಂಗುರಗಳು ಕಾಣುವುದಿಲ್ಲ, ಸ್ಟ್ರಾನ್ಷಿಯಂ ಎಂಬ ಧಾತುವಿನ ಪ್ರಮಾಣವೂ ಇಳಿದಿರುತ್ತದೆ. ಆ ಕಲ್ಲನ್ನು ಬದಿಗಿಟ್ಟು ಜೊತೆಯ ಬಿಳಿ ಕಲ್ಲನ್ನೇ ಓದಿ.