ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಸಿಗ್ನೆಟ್ ರಿಂಗ್’ ಅಂತ ಬಂದರೆ ಎಲ್ಲಾ ಮುಗಿದ ಹಾಗಾ?

ಪ್ರಶ್ನೆ: ಅಪ್ಪನಿಗೆ ಎರಡು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ಎಂಡೋಸ್ಕೋಪಿ ಮಾಡಿಸಿ, ಜಠರದ ಚೂರು ಪರೀಕ್ಷೆಗೆ ಕೊಟ್ಟೆವು. ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಪೂರ್ಲಿ ಡಿಫರೆನ್ಷಿಯೇಟೆಡ್ ಅಡಿನೋಕಾರ್ಸಿನೋಮ ವಿತ್ ಸಿಗ್ನೆಟ್ ರಿಂಗ್ ಸೆಲ್ಸ್’ ಎಂದು ಬಂದಿದೆ. ನೆಟ್‌ನಲ್ಲಿ ಹುಡುಕಿದರೆ ಇದು ತುಂಬಾ ಕೆಟ್ಟ ಜಾತಿಯದು ಅಂತಿದೆ. ಆಪರೇಷನ್ ಇನ್ನೂ ಆಗಿಲ್ಲ. ಈ ರಿಪೋರ್ಟ್ ನೋಡಿ ಮುಂದೇನಾಗುತ್ತದೆ ಅಂತ ಹೇಳಬಹುದಾ?

ಉತ್ತರ: ಈ ಒಂದು ಸಾಲು ನೋಡಿ ಹೇಳಲು ಆಗುವುದಿಲ್ಲ. ನಿಮ್ಮ ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ. ಮೈಕ್ರೋಸ್ಕೋಪ್ ಮುಂದೆ ಕೂತು ಇಂಥ ರಿಪೋರ್ಟ್ ಬರೆಯುವುದೇ ನನ್ನ ಕೆಲಸ. ಇದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತಲೇ ಇರುತ್ತದೆ. ಆ ಸಾಲು ಬರೆಯುವ ಹೊತ್ತಿಗೆ ನಮಗೆ ಏನು ಕಂಡಿರುತ್ತದೆ, ಏನು ಕಂಡಿರುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಎಂಡೋಸ್ಕೋಪಿ ಮಾಡುವವರು ಸಣ್ಣ ಚಿಮಟದಿಂದ ಜಠರದ ಒಳಪದರದ ಚೂರುಗಳನ್ನು ಕಿತ್ತು ಕಳಿಸುತ್ತಾರೆ. ಒಂದೊಂದೂ 2–3 ಮಿಲಿಮೀಟರ್, ಅಕ್ಕಿ ಕಾಳಿನ ಅರ್ಧ. ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ನುಚ್ಚಿನ ಹಾಗೆ ಕೂತಿರುತ್ತವೆ. ಅವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡುತ್ತೇವೆ. ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆಯದು ಎಂದು ಗೊತ್ತಾಗುತ್ತದೆ. ಅದು ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ಲಿಂಫ್ ಗಂಟುಗಳಿಗೆ (ರೋಗನಿರೋಧಕ ಕೋಶಗಳಿರುವ ಸಣ್ಣ ಗಂಟುಗಳು) ಹೋಗಿದೆಯಾ ಎಂದು ಆ ಚೂರು ಹೇಳುವುದಿಲ್ಲ. ಅದು ಗೋಡೆಯ ಮೇಲ್ಭಾಗದ ಚೂರು ಅಷ್ಟೇ ಅಲ್ವಾ. ಆದರೆ ಕ್ಯಾನ್ಸರ್ ದೂರಕ್ಕೆ ಹರಡಿಲ್ಲದಿದ್ದರೆ, ಮುಂದೇನು ಅನ್ನುವುದು ಎಲ್ಲಕ್ಕಿಂತ ಜಾಸ್ತಿ ನಿಂತಿರುವುದು ಆಳ ಮತ್ತು ಗಂಟು, ಈ ಎರಡರ ಮೇಲೆ.

ಇನ್ನು ನಿಮ್ಮನ್ನು ಹೆದರಿಸಿದ ಆ ಹೆಸರು. ಅಡಿನೋಕಾರ್ಸಿನೋಮ ಅಂದರೆ ಗ್ರಂಥಿಯ ಕೋಶಗಳಿಂದ ಹುಟ್ಟಿದ ಕ್ಯಾನ್ಸರ್; ಪೂರ್ಲಿ ಡಿಫರೆನ್ಷಿಯೇಟೆಡ್ ಅಂದರೆ ಆ ಕೋಶಗಳು ಮೂಲ ರೂಪವನ್ನು ಬಹಳಷ್ಟು ಕಳೆದುಕೊಂಡಿವೆ ಎಂದು. ಸಿಗ್ನೆಟ್ ರಿಂಗ್ ಅಂದರೆ ಮುದ್ರೆಯುಂಗುರ, ಹನುಮಂತ ಲಂಕೆಯಲ್ಲಿ ಸೀತೆಗೆ ತೋರಿಸಿದನಲ್ಲ, ಅಂಥದ್ದು. ಈ ಕೋಶದ ಒಳಗೆ ಲೋಳೆ ತುಂಬಿಕೊಂಡು ಊದಿರುತ್ತದೆ. ಆ ಲೋಳೆ ನ್ಯೂಕ್ಲಿಯಸ್ಸನ್ನು ಒಂದು ಅಂಚಿಗೆ ಒತ್ತಿ ಚಪ್ಪಟೆ ಮಾಡಿಬಿಡುತ್ತದೆ. ಮಧ್ಯೆ ತಿಳಿ ಬಣ್ಣದ ಗುಂಡು ಜಾಗ, ಒಂದು ಬದಿಗೆ ಕಡು ನೀಲಿ ಗೆರೆ. ಥೇಟ್ ಉಂಗುರ. ಹೆಸರು ಬಂದದ್ದು ಆಕಾರದಿಂದ.

ಆಕಾರಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಫಿನ್ಲೆಂಡಿನ ಪೆಥಾಲಜಿಸ್ಟ್ ಪೆಕ್ಕಾ ಲೌರೆನ್ 1965ರಲ್ಲಿ ಜಠರದ ಕ್ಯಾನ್ಸರನ್ನು ಎರಡು ಬಗೆಯಾಗಿ ನೋಡಿದರು. ನಾವು ಇವತ್ತಿಗೂ ಅದನ್ನೇ ಬಳಸುತ್ತೇವೆ. ಮೊದಲನೆಯದು ‘ಇಂಟೆಸ್ಟಿನಲ್’ ಬಗೆ. ಇದರಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಕರುಳಿನ ಗ್ರಂಥಿಗಳ ಹಾಗೆ ಕೊಳವೆ ಕಟ್ಟುತ್ತವೆ. ಎರಡನೆಯದು ‘ಡಿಫ್ಯೂಸ್’ ಬಗೆ. ಇಲ್ಲಿ ಕೋಶಗಳು ಕೈ ಬಿಡಿಸಿಕೊಂಡು ಒಂದೊಂದಾಗಿ, ನೆಲಕ್ಕೆ ಚೆಲ್ಲಿದ ರಾಗಿಯ ಹಾಗೆ ಗೋಡೆಯೊಳಗೆ ನುಸುಳುತ್ತವೆ. ಕೋಶಗಳನ್ನು ಹಿಡಿದಿಡುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್, ಒಂಥರಾ ಅಂಟು, ಇಲ್ಲಿ ಎಷ್ಟೋ ಸಲ ಕಳೆದುಹೋಗಿರುತ್ತದೆ. ಸಿಗ್ನೆಟ್ ರಿಂಗ್ ಕೋಶಗಳು ಸಾಮಾನ್ಯವಾಗಿ ಈ ಡಿಫ್ಯೂಸ್ ಗುಂಪಿಗೆ ಸೇರಿದವು.

ಒಟ್ಟಾರೆ ಲೆಕ್ಕದಲ್ಲಿ ಡಿಫ್ಯೂಸ್ ಬಗೆಯ ಫಲಿತಾಂಶ ಇಂಟೆಸ್ಟಿನಲ್ ಬಗೆಗಿಂತ ಕಡಿಮೆ ಒಳ್ಳೆಯದು. ಇದನ್ನು ಮುಚ್ಚಿಡುವುದಿಲ್ಲ. ಕಾರಣವೂ ಅರ್ಥವಾಗುವಂಥದ್ದೇ. ಚದುರಿದ ಕೋಶಗಳು ಗಡ್ಡೆಯಾಗಿ ಎದ್ದು ನಿಲ್ಲದೆ ಪದರದ ಕೆಳಗೇ ಹರಡುತ್ತವೆ. ಎಂಡೋಸ್ಕೋಪಿಯಲ್ಲಿ ತಡವಾಗಿ ಕಾಣುತ್ತವೆ. ಕೆಲವರಲ್ಲಿ ಇಡೀ ಜಠರವೇ ಚರ್ಮದ ಚೀಲದ ಹಾಗೆ ಬಿಗಿದುಕೊಳ್ಳುತ್ತದೆ. ಇಂಟೆಸ್ಟಿನಲ್ ಬಗೆ ರಕ್ತದ ದಾರಿ ಹಿಡಿದು ಲಿವರ್‌ಗೆ ಹೋಗುವುದು ಜಾಸ್ತಿ. ಡಿಫ್ಯೂಸ್ ಬಗೆ ಹೊಟ್ಟೆಯ ಒಳಪೊರೆ ಪೆರಿಟೋನಿಯಂ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕೂರುವುದು ಜಾಸ್ತಿ. ಆ ಚುಕ್ಕೆಗಳು ಸಿಟಿ ಸ್ಕ್ಯಾನ್‌ಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಹಾಗಾಗಿ ನಿಮ್ಮ ಸರ್ಜನ್ನರನ್ನು ಒಂದು ಮಾತು ಕೇಳಿ: ದೊಡ್ಡ ಆಪರೇಷನ್ನಿಗೆ ಮೊದಲು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ, ಹೊಟ್ಟೆ ಒಳಗೆ ನೋಡಿ, ನೀರು ಹಾಕಿ ತೊಳೆದು, ಆ ನೀರನ್ನು ಪರೀಕ್ಷೆಗೆ ಕಳಿಸುತ್ತಾರಾ ಎಂದು. ಆ ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ಅದನ್ನು ನಾಲ್ಕನೇ ಹಂತ ಎಂದೇ ಲೆಕ್ಕ ಹಾಕುತ್ತಾರೆ, ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಆದರೆ ಅದೇ ಸಿಗ್ನೆಟ್ ರಿಂಗ್ ಒಳಪದರದಲ್ಲೇ ಇದ್ದಾಗ ಸಿಕ್ಕರೆ? ಆಗ ಅದು ಬೇರೆ ಬಗೆಯ ಕ್ಯಾನ್ಸರ್‌ಗಳಿಗಿಂತ ಕೆಟ್ಟದಾಗಿ ವರ್ತಿಸುವುದಿಲ್ಲ. ಒಳಪದರದಲ್ಲೇ ಇರುವ ಜಠರದ ಕ್ಯಾನ್ಸರನ್ನು ತೆಗೆದುಹಾಕಿದರೆ, ನೂರಕ್ಕೆ 90ಕ್ಕೂ ಹೆಚ್ಚು ಜನ 5 ವರ್ಷ ದಾಟುತ್ತಾರೆ. ಹೆಸರು ಒಂದೇ, ಆಳ ಬೇರೆ, ಕತೆಯೇ ಬೇರೆ. ನೆಟ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಈ ಆಳದ ಲೆಕ್ಕ ಬರುವುದಿಲ್ಲ. ಅದಕ್ಕೇ ಅಲ್ಲಿ ಓದಿದ್ದು ಅಷ್ಟು ಭಯ ಹುಟ್ಟಿಸುತ್ತದೆ.

ಆಳವನ್ನು ನಾವು ಪದರ ಲೆಕ್ಕದಲ್ಲಿ ಬರೆಯುತ್ತೇವೆ. ಒಳಪದರ ಮತ್ತು ಅದರ ಕೆಳಗಿನ ಸಡಿಲ ಪದರ ಟಿ1. ಸ್ನಾಯು ಟಿ2. ಸ್ನಾಯು ದಾಟಿದರೆ ಟಿ3. ಹೊರಪೊರೆ ಹರಿದು ಹೊರಗೆ ಬಂದರೆ ಟಿ4. ಟಿ1 ಒಳಗೇ ಎಷ್ಟು ವ್ಯತ್ಯಾಸ ನೋಡಿ: ಒಳಪದರದಲ್ಲೇ ಇದ್ದರೆ ಲಿಂಫ್ ಗಂಟಿಗೆ ಹೋಗಿರುವುದು ನೂರಕ್ಕೆ 2–5 ಜನರಲ್ಲಿ. ಒಂದೇ ಪದರ ಕೆಳಗಿಳಿದರೆ ಅದು ಸುಮಾರು 20 ಆಗುತ್ತದೆ. ಮಿಲಿಮೀಟರ್ ಲೆಕ್ಕದ ಈ ಅಂತರಕ್ಕೆ ಅಷ್ಟು ಬೆಲೆ.

ಗಂಟುಗಳ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಮನೆಯವರು ಇದನ್ನು ಓದದೆ ದಾಟಿಬಿಡುತ್ತಾರೆ. ಆಪರೇಷನ್ ಆದ ಮೇಲೆ ಜಠರದ ಜೊತೆ ಅದರ ಸುತ್ತಲಿನ ಕೊಬ್ಬೂ ಬರುತ್ತದೆ. ಆ ಹಳದಿ ಕೊಬ್ಬನ್ನು ಬೆರಳ ತುದಿಯಲ್ಲಿ ಹಿಸುಕಿ ಹಿಸುಕಿ ಗಂಟುಗಳನ್ನು ಹುಡುಕಬೇಕು. ಹುಣಸೆ ಹಣ್ಣು ಕಿವುಚಿ ಬೀಜ ತೆಗೆದ ಹಾಗೆ. ಕೆಲವು ಬಟಾಣಿ ಗಾತ್ರ, ಕೆಲವು ಸಾಸಿವೆ ಗಾತ್ರ. ಒಂದೂ ತಪ್ಪಿಸಬಾರದು. ಕ್ಯಾನ್ಸರ್ ಇರುವ ಗಂಟು 1–2 ಇದ್ದರೆ ಎನ್1, 3–6 ಇದ್ದರೆ ಎನ್2, 7 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಎನ್3. ಈ ಲೆಕ್ಕ ನಂಬುವಂತಿರಬೇಕಾದರೆ ಕನಿಷ್ಠ 16 ಗಂಟುಗಳನ್ನಾದರೂ ನೋಡಿರಬೇಕು. 30 ಸಿಕ್ಕರೆ ಇನ್ನೂ ಒಳ್ಳೆಯದು. ಹಾಗಾಗಿ ರಿಪೋರ್ಟ್‌ನಲ್ಲಿ ‘0/7’ ಮತ್ತು ‘0/32’ ಎರಡೂ ಸೊನ್ನೆಯೇ ಆದರೂ ಒಂದೇ ಅಲ್ಲ. ಏಳೇ ಗಂಟು ನೋಡಿ ಸೊನ್ನೆ ಅಂದರೆ, ನೋಡದೆ ಉಳಿದ ಗಂಟಿನಲ್ಲಿ ಏನಿತ್ತೋ ಎಂಬ ಅನುಮಾನ ಹಾಗೇ ಉಳಿಯುತ್ತದೆ. ರಿಪೋರ್ಟ್ ಕೈಗೆ ಬಂದಾಗ ಕೆಳಗಿನ ಸಂಖ್ಯೆಯನ್ನೂ ನೋಡಿ. ಕಡಿಮೆ ಇದ್ದರೆ ಮತ್ತೆ ಕೊಬ್ಬು ಹುಡುಕಲು ಸಾಧ್ಯವಾ ಎಂದು ವಿನಯದಿಂದ ಕೇಳಿ. ತೆಗೆದ ಭಾಗ ಕೆಲವು ವಾರ ಲ್ಯಾಬಿನಲ್ಲೇ ಇರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು, ನಾನಂತೂ ಮಾಡಿಕೊಳ್ಳುವುದಿಲ್ಲ.

ರಕ್ತನಾಳ ಅಥವಾ ಲಿಂಫ್ ನಾಳದೊಳಗೆ ಕ್ಯಾನ್ಸರ್ ಕೋಶ ಕಂಡಿತಾ, ನರದ ಸುತ್ತ ಸುತ್ತಿಕೊಂಡಿದೆಯಾ, ಕತ್ತರಿಸಿದ ಅಂಚು ಸ್ವಚ್ಛವಾಗಿದೆಯಾ ಎಂಬ ಸಾಲುಗಳೂ ಇರುತ್ತವೆ. ಅಂಚು ಸ್ವಚ್ಛ ಇರಲೇಬೇಕು. ಉಳಿದೆರಡು ಇದ್ದರೆ ಅಪಾಯ ಸ್ವಲ್ಪ ಏರುತ್ತದೆ.

ಈಗ ಎಷ್ಟೋ ಜನರಿಗೆ ಆಪರೇಷನ್ನಿಗೆ ಮೊದಲೇ ಕೀಮೋ ಕೊಡುತ್ತಾರೆ. ನಿಮ್ಮ ಅಪ್ಪನಿಗೂ ಹೇಳಬಹುದು. ಜರ್ಮನಿಯಲ್ಲಿ 716 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ, ‘ಫ್ಲಾಟ್’ ಎಂಬ ಹೊಸ ಕೀಮೋದ ಪ್ರಯೋಗದಲ್ಲಿ, ಹಳೆಯ ಕೀಮೋ ಪಡೆದವರ ಮಧ್ಯಮ ಆಯಸ್ಸು 35 ತಿಂಗಳು, ಫ್ಲಾಟ್ ಪಡೆದವರದ್ದು 50 ತಿಂಗಳು. ಮಧ್ಯಮ ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು ಎಂದರ್ಥ. ಅದು ಯಾರಿಗೂ ಬರೆದಿಟ್ಟ ಗಡುವಲ್ಲ. ಕೀಮೋ ನಂತರ ತೆಗೆದ ಜಠರದಲ್ಲಿ ಜೀವಂತ ಕ್ಯಾನ್ಸರ್ ಎಷ್ಟು ಉಳಿದಿದೆ, ಗಂಟುಗಳಲ್ಲಿ ಉಳಿದಿದೆಯಾ ಎಂದು ಮತ್ತೆ ನೋಡುತ್ತೇವೆ. ಗಂಟು ಸ್ವಚ್ಛವಾಗಿದ್ದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ನಿಮ್ಮ ಪ್ರಶ್ನೆ ‘ಮುಂದೇನಾಗುತ್ತದೆ’ ಎಂದಿತ್ತು. ಅದೇ ಅಂಗಾಂಶ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ: ಯಾವ ಔಷಧಿ ಹಿಡಿಯುತ್ತದೆ? ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಹರ್-2 ಎಂಬ ಪ್ರೋಟೀನ್ ಜಾಸ್ತಿ ಇದ್ದರೆ ಟ್ರಾಸ್ಟುಜುಮಾಬ್ ಎಂಬ ಔಷಧಿ ಕೆಲಸ ಮಾಡುತ್ತದೆ ಎಂದು 2010ರಲ್ಲೇ ‘ಟೋಗಾ’ ಪ್ರಯೋಗ ತೋರಿಸಿತು. ಜಠರದಲ್ಲಿ ಹರ್-2 ಅಲ್ಲಲ್ಲಿ ಮಾತ್ರ ಇರುತ್ತದೆ, ಒಂದು ಚೂರಿನಲ್ಲಿ ಇದ್ದು ಪಕ್ಕದ್ದರಲ್ಲಿ ಇಲ್ಲದಿರಬಹುದು. ಅದಕ್ಕೆ 6–8 ಚೂರು ತೆಗೆಯಬೇಕು ಎನ್ನುವುದು. ಡಿಫ್ಯೂಸ್ ಬಗೆಯಲ್ಲಿ ಹರ್-2 ಕಡಿಮೆ. ಆದರೆ ಕ್ಲಾಡಿನ್ 18.2 ಎಂಬ ಇನ್ನೊಂದು ಪ್ರೋಟೀನ್ ಡಿಫ್ಯೂಸ್ ಬಗೆಯಲ್ಲೂ ಸಿಗುತ್ತದೆ. ಅದಕ್ಕೆ ಗುರಿಯಿಟ್ಟ ಜೋಲ್ಬೆಟುಕ್ಸಿಮಾಬ್ ಔಷಧಿಗೆ 2024ರಲ್ಲಿ ಜಪಾನ್, ಅಮೆರಿಕ ಒಪ್ಪಿಗೆ ಕೊಟ್ಟವು. ಇವೆರಡೂ ಮುಖ್ಯವಾಗಿ ರೋಗ ಹರಡಿದಾಗ ಬೇಕಾಗುವ ಪರೀಕ್ಷೆಗಳು.

ಎಂಎಸ್‌ಐ ಪರೀಕ್ಷೆಯನ್ನು ಮಾತ್ರ ಎಲ್ಲರಿಗೂ ಮಾಡಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೋಶ ತನ್ನ ಡಿಎನ್‌ಎ ತಪ್ಪುಗಳನ್ನು ತಿದ್ದಿಕೊಳ್ಳುವ ಶಕ್ತಿ ಕಳೆದುಕೊಂಡಿದೆಯಾ ಎಂದು ಇದು ಹೇಳುತ್ತದೆ. 2014ರಲ್ಲಿ ಕ್ಯಾನ್ಸರ್‌ಗಳ ಜೀನ್ ಬದಲಾವಣೆ ದಾಖಲಿಸುವ ಅಮೆರಿಕದ ಜೀನೋಮ್ ಅಟ್ಲಾಸ್ ತಂಡ 295 ಗಡ್ಡೆಗಳನ್ನು ನೋಡಿ ನಾಲ್ಕು ಗುಂಪು ಮಾಡಿದಾಗ ಇದೂ ಒಂದು ಗುಂಪಾಗಿತ್ತು, ನೂರಕ್ಕೆ 22. ಇಂಥ ಗಡ್ಡೆಯ ಸುತ್ತ ರೋಗನಿರೋಧಕ ಲಿಂಫೋಸೈಟ್‌ಗಳು ಸಾಸಿವೆ ಚೆಲ್ಲಿದ ಹಾಗೆ ಮುತ್ತಿಕೊಂಡಿರುವುದು ಎಷ್ಟೋ ಸಲ ಕಾಣುತ್ತದೆ. ಆಪರೇಷನ್ ಆಗಬಲ್ಲ ಹಂತದಲ್ಲಿ ಇವರ ಫಲಿತಾಂಶ ಉಳಿದವರಿಗಿಂತ ಒಳ್ಳೆಯದು. ಬ್ರಿಟನ್ನಿನ ‘ಮ್ಯಾಜಿಕ್’ ಪ್ರಯೋಗದ ಹಳೆಯ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಿದಾಗ, ಈ ಗುಂಪಿನವರಿಗೆ ಕೀಮೋದಿಂದ ಲಾಭ ಕಾಣಲಿಲ್ಲ. ಆದರೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ, ಇವರಿಗೆ ಚೆನ್ನಾಗಿ ಹಿಡಿಯುತ್ತದೆ.

ಅಪ್ಪನ ವಯಸ್ಸು ನೀವು ಬರೆದಿಲ್ಲ. ಡಿಫ್ಯೂಸ್ ಬಗೆ 50 ವರ್ಷದೊಳಗೆ ಬಂದಿದ್ದರೆ, ಅಥವಾ ಮನೆತನದಲ್ಲಿ ಇನ್ನೊಬ್ಬರಿಗೂ ಜಠರದ ಕ್ಯಾನ್ಸರ್ ಆಗಿದ್ದರೆ, ಸಿಡಿಎಚ್1 ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಕುಟುಂಬವೊಂದರಲ್ಲಿ 1998ರಲ್ಲಿ ಇದರ ಸುಳಿವು ಸಿಕ್ಕಿತು. ಮೊದಲು ಹೇಳಿದ ಅಂಟಿನ ಪ್ರೋಟೀನನ್ನು ತಯಾರಿಸುವುದು ಇದೇ ಜೀನ್. ಅಂಥ ಮನೆಗಳು ಅಪರೂಪ. ಇದ್ದರೆ ಮಕ್ಕಳಿಗೆ ಗೊತ್ತಿರಬೇಕು.

ಕೊನೆಗೊಂದು ಕೆಲಸ. ರಿಪೋರ್ಟ್ ಜೊತೆ ಲ್ಯಾಬಿನಿಂದ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಮೇಣ, ಮೇಣದೊಳಗೆ ಆ ನುಚ್ಚಿನಷ್ಟು ಚೂರು. ಕಿದ್ವಾಯಿಗೋ, ಮುಂಬೈನ ಟಾಟಾಗೋ ಹೋದರೆ ಮೊದಲು ಕೇಳುವುದೇ ಇದನ್ನು. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಇದರಿಂದಲೇ ಆಗಬೇಕು. ವರ್ಷಗಟ್ಟಲೆ ಕೆಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಒಂದು ಡಬ್ಬಿಗೆ ಹಾಕಿ, ಮೇಲೆ ಅಪ್ಪನ ಹೆಸರು ಮತ್ತು ಬಯಾಪ್ಸಿ ನಂಬರ್ ಬರೆದು, ಮನೆಯಲ್ಲಿ ತಂಪಾದ ಕಪಾಟಿನಲ್ಲಿಡಿ.