ವಿಡಿಯೊ ಮಾಡಿಟ್ಟರೆ ತೊಗಲುಗೊಂಬೆಯಾಟ ಉಳಿಯುತ್ತದೆಯೇ?

ಪ್ರಶ್ನೆ: ಹಿರಿಯ ಕಲಾವಿದರ ಆಟವನ್ನೆಲ್ಲ ಒಳ್ಳೆಯ ಕ್ಯಾಮೆರಾದಲ್ಲಿ ಹಿಡಿದಿಟ್ಟರೆ ಕಲೆ ಉಳಿದ ಹಾಗೇ ಅಲ್ವಾ? ಇನ್ನೇನು ಮಾಡಬೇಕು?

ಹಿಡಿದಿಡಿ, ಖಂಡಿತ ಹಿಡಿದಿಡಿ. ಆದರೆ ಅಷ್ಟಕ್ಕೇ ಕಲೆ ಉಳಿಯುವುದಿಲ್ಲ.

ತೊಗಲುಗೊಂಬೆಯಾಟವನ್ನೇ ನೋಡಿ. ತೊಗಲಿನ ಗೊಂಬೆಗಳನ್ನು ಬೆಳಕು ಬಿಟ್ಟ ಪರದೆಯ ಹಿಂದೆ ಕುಣಿಸಿ ಕಥೆ ಹೇಳುವ ಆಟ ಇದು. ವಿಡಿಯೊದಲ್ಲಿ ಸಿಗುವುದು ಪರದೆಯ ಈ ಬದಿ, ನೋಡುಗರ ಬದಿ. ಆ ಬದಿಯಲ್ಲಿ ಒಂದು ಇಡೀ ಸಂಸಾರವೇ ಇರುತ್ತದೆ. ಗೊಂಬೆಯನ್ನು ಪರದೆಗೆ ಒತ್ತಿ ಕುಣಿಸುವವರೇ ರಾವಣನೂ ಆಗುತ್ತಾರೆ, ಹನುಮಂತನೂ ಆಗುತ್ತಾರೆ. ಹೆಂಗಸರು ಹಾಡುತ್ತಾರೆ, ಸೀತೆಗೆ ದನಿ ಕೊಡುತ್ತಾರೆ. ಯುದ್ಧ ಶುರುವಾದರೆ ಕಾಲಡಿಯ ಹಲಗೆ ದಡದಡ ಎನ್ನುತ್ತದೆ. ಇದೆಲ್ಲದರ ನಡುವೆ ಮಕ್ಕಳು. ಮುಂದೆ ಯಾವ ಗೊಂಬೆ ಬೇಕೆಂದು ತಿಳಿದು ಎತ್ತಿ ಕೊಡುವ ಮಗುವೇ ಮುಂದೊಂದು ದಿನ ಅದನ್ನು ಕುಣಿಸುವುದು. ಕಲಿಕೆ ಅಂದರೆ ಇಷ್ಟೇ, ಇಷ್ಟು ದೊಡ್ಡದು.

ಇನ್ನು ಕಿಳ್ಳೇಕ್ಯಾತ, ಬಂಗಾರಕ್ಕ. ಆಟದ ನಡುನಡುವೆ ಬಂದು ನಗಿಸುವ ಜೋಡಿ. ಇವರ ಮಾತು ಬರೆದಿಟ್ಟದ್ದಲ್ಲ. ಊರಿನ ಸುದ್ದಿ ಕೇಳಿ, ಮುಂದೆ ಕೂತವರ ನಗು ನೋಡಿ ಅಲ್ಲೇ ಹುಟ್ಟುವಂಥದ್ದು. ವಿಡಿಯೊ ಒಂದು ರಾತ್ರಿಯ ಮಾತನ್ನು ಉಳಿಸುತ್ತದೆ. ನಾಳೆ ಬೇರೆ ಊರಲ್ಲಿ ಬೇರೆ ಮಾತು ಕಟ್ಟುವ ನಾಲಿಗೆಯನ್ನು ಉಳಿಸುವುದಿಲ್ಲ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ಕೂಡಿಸಿದ ತೊಗಲುಗೊಂಬೆಗಳಿವೆ. ಹೋಗಿ ನೋಡಿ, ಅದು ದೊಡ್ಡ ಕೆಲಸ. ಆದರೆ ಕಲಾವಿದರ ಮನೆಗಳಲ್ಲಿ ಇನ್ನೊಂದು ರೂಢಿಯೂ ಇತ್ತು: ಸವೆದು ಹೋದ ಗೊಂಬೆಯನ್ನು ಹೊಳೆಗೆ ಬಿಡುತ್ತಿದ್ದರು. ತೊಗಲು ಹದ ಮಾಡಿ, ತೂತು ಕೊರೆದು, ಬಣ್ಣ ತುಂಬುವ ಕೈ ಮನೆಯಲ್ಲೇ ಇದ್ದವರಿಗೆ ಆ ಧೈರ್ಯವಿತ್ತು.

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು 96. ಓದಿ ಕಣ್ಣು ತುಂಬಿತು. ಪ್ರಶಸ್ತಿಯಿಂದ ಹೆಸರು ಊರೂರಿಗೆ ತಲುಪುತ್ತದೆ. ಆಟಕ್ಕೆ ಕರೆಯಬೇಕಾದವರು ಮಾತ್ರ ನಾವೇ.

ಹಾಡು, ಆಟ, ಕಸುಬಿನಂಥ ಜೀವಂತ ಪರಂಪರೆಗಳನ್ನು ಕಾಪಾಡಲು ಆದ ಯುನೆಸ್ಕೊದ 2003ರ ಒಪ್ಪಂದವೂ ಹೀಗೇ ಹೇಳುತ್ತದೆ. ಭಾರತ ಅದನ್ನು ಒಪ್ಪಿದ್ದು 2005ರಲ್ಲಿ. ಕಾಪಾಡುವುದು ಅಂದರೆ ದಾಖಲೆ ಮಾಡುವುದಷ್ಟೇ ಅಲ್ಲ, ಮುಂದಿನ ತಲೆಮಾರಿಗೆ ದಾಟಿಸುವುದೂ ಅದರಲ್ಲಿ ಸೇರಿದೆ.

ಹಾಗಾದರೆ ಏನು ಮಾಡಬೇಕು? ಆಟ ಆಡಿಸಿ. ಮಳೆ ಬರಲಿ ಅಂತ ಊರವರು ಸೇರಿ ರಾತ್ರಿಯಿಡೀ ಆಡಿಸುತ್ತಿದ್ದ ಕಾಲವಿತ್ತು. ಈಗ ಜಾತ್ರೆಗೆ, ಶಾಲೆಗೆ, ಮನೆಯ ಸಮಾರಂಭಕ್ಕೆ ಕರೆಯಬಹುದು. ಮುಖ್ಯ ಕಲಾವಿದರಿಗೊಬ್ಬರಿಗೇ ಅಲ್ಲ, ಹಾಡುವವರಿಗೆ, ಮದ್ದಳೆಯವರಿಗೆ, ಎಲ್ಲರಿಗೂ ಸರಿಯಾದ ಸಂಭಾವನೆ ಕೊಡಿ. ಅರ್ಧ ಗಂಟೆಯಲ್ಲಿ ಮುಗಿಸಿ ಅಂತ ಒತ್ತಾಯ ಮಾಡಬೇಡಿ. ಕಥೆಗೆ ಬಿಸಿ ಏರಲು ಅಷ್ಟು ಹೊತ್ತು ಬೇಕೇ ಬೇಕು. ಹೊಟ್ಟೆಗೆ ಸಾಲದೆ ಆ ಮನೆಯ ಮಕ್ಕಳು ಬೇರೆ ಕೆಲಸ ಹಿಡಿದರೆ ಅದು ಅವರ ತಪ್ಪಲ್ಲ.

ಇನ್ನು ನಿಮ್ಮ ಕ್ಯಾಮೆರಾ. ಕಲಾವಿದರನ್ನು ಕೇಳಿ, ಅವರು ಒಪ್ಪಿದರೆ ಅದನ್ನು ಪರದೆಯ ಹಿಂದೆ ಇಡಿ.