ಬಾರ್ಜ್-ಇನ್: ನುಗ್ಗಿದ್ದು ಯಾರು?

"ನಮ್ಮ ಐವಿಆರ್‌ನಲ್ಲಿ ಬಾರ್ಜ್-ಇನ್ ಇದೆ, ಸೂಪರ್‌ವೈಸರ್ ಯಾವಾಗ ಬೇಕಾದರೂ ಕಾಲ್ ಒಳಗೆ ಬರಬಹುದು." ಈ ಥರದ ವಾಕ್ಯ ಮತ್ತೆ ಕಣ್ಣಿಗೆ ಬಿತ್ತು. ಐವಿಆರ್ ಅಂದರೆ ಕರೆ ಮಾಡಿದಾಗ 'ಇದಕ್ಕೆ 1 ಒತ್ತಿ, ಅದಕ್ಕೆ 2 ಒತ್ತಿ' ಅನ್ನುವ ಯಂತ್ರ. ಸೂಪರ್‌ವೈಸರ್ ಬರಬಹುದು, ನಿಜ. ಆದರೆ ಐವಿಆರ್‌ನ ಬಾರ್ಜ್-ಇನ್ ಅಂದರೆ ಅದಲ್ಲ.

ಬಾರ್ಜ್ ಅನ್ನುವುದು ಸರಕು ಹೊರುವ, ಚಪ್ಪಟೆ ತಳದ ದೊಡ್ಡ ದೋಣಿ. ಭಾರ ಜಾಸ್ತಿ, ತಿರುಗಿಸುವುದು ಕಷ್ಟ, ಅಡ್ಡ ಬಂದದ್ದಕ್ಕೆ ಗುದ್ದಿಬಿಡುತ್ತದೆ. ಇಂಗ್ಲಿಷಿನವರು ಆ ಗುದ್ದಾಟವನ್ನೇ ಕ್ರಿಯಾಪದ ಮಾಡಿಕೊಂಡರು: ಕೇಳದೆ ನುಗ್ಗುವವನು ದೋಣಿಯ ಹಾಗೆ ನುಗ್ಗುತ್ತಾನೆ. ನುಗ್ಗುವುದು ಅಂದಮೇಲೆ ಯಾರು, ಯಾರ ಮಾತಿನ ನಡುವೆ ಅಂತ ಕೇಳಬೇಕು ಅಲ್ವಾ? ಯಾರೂ ಕೇಳುವುದಿಲ್ಲ.

ಕಾಲ್ ಸೆಂಟರ್‌ನಲ್ಲಿ ನುಗ್ಗುವವರು ಸೂಪರ್‌ವೈಸರ್. ಸುಮ್ನೆ ಕೇಳಿಸಿಕೊಂಡರೆ ಮಾನಿಟರ್, ಏಜೆಂಟ್ ಕಿವಿಗೆ ಮಾತ್ರ ಹೇಳಿದರೆ ವಿಸ್ಪರ್, ಏಜೆಂಟ್, ಕರೆ ಮಾಡಿದವರು ಇಬ್ಬರಿಗೂ ಕೇಳುವಂತೆ ಮಾತಾಡಿದರೆ ಬಾರ್ಜ್. ಇದಿಷ್ಟೇ.

ಐವಿಆರ್‌ನಲ್ಲಿ ನುಗ್ಗುವವರು ಕರೆ ಮಾಡಿದ ನೀವೇ. ರೆಕಾರ್ಡ್ ಆದ ದನಿ ಇನ್ನೂ ಮಾತಾಡುತ್ತಿರುವಾಗಲೇ ಬಟನ್ ಒತ್ತುತ್ತೀರಿ, ಇಲ್ಲವೇ ಬಾಯಿಬಿಟ್ಟು ಹೇಳುತ್ತೀರಿ. ಅದು ಬಾಯಿ ಮುಚ್ಚಬೇಕು.

ಬಟನ್ ಆದರೆ ಸುಲಭ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ಹೋಗುತ್ತವೆ. ಮನುಷ್ಯರ ದನಿಯಲ್ಲಿ ಅಂಥ ಜೋಡಿ ಬರುವುದು ಅಪರೂಪ. ಮಾತಾದರೆ ಕಷ್ಟ. ಯಂತ್ರ ಆಡಿದ ಮಾತೇ ಲೈನ್‌ನಲ್ಲಿ ಪ್ರತಿಧ್ವನಿಯಾಗಿ ವಾಪಸ್ ಬರುತ್ತದೆ. ಅದನ್ನು ಕಳೆಯುವ ಎಕೋ ಕ್ಯಾನ್ಸಲರ್ ಸರಿಯಿಲ್ಲದಿದ್ದರೆ ಯಂತ್ರ ತನ್ನ ದನಿಗೆ ತಾನೇ ಬೆಚ್ಚಿ ಸುಮ್ಮನಾಗುತ್ತದೆ. ಇದನ್ನು "ರೆಕಗ್ನಿಷನ್ ಸರಿ ಇಲ್ಲ" ಅಂತ ಬರೆದುಕೊಳ್ಳುವವರೂ ಇದ್ದಾರೆ. ಮಾತು ಗುರುತಿಸುವ ಪಾಪದ ರೆಕಗ್ನೈಸರ್‌ಗೆ ಸುಮ್ಮನೆ ಬೈಗುಳ.

ಕೆಮ್ಮಿದರೂ ನಿಲ್ಲಬೇಕೇ? ಐವಿಆರ್ ಸಂಭಾಷಣೆ ಬರೆಯುವ ಭಾಷೆಯಾದ 2004ರ ವಾಯ್ಸ್ ಎಕ್ಸ್‌ಎಂಎಲ್ 2.0 ಇದಕ್ಕೆ ಎರಡು ದಾರಿ ಕೊಟ್ಟಿದೆ. 'ಸ್ಪೀಚ್' ಅಂತ ಇಟ್ಟರೆ ಯಾವ ಮಾತು ಕೇಳಿದರೂ ನಿಲ್ಲುತ್ತದೆ. 'ಹಾಟ್‌ವರ್ಡ್' ಅಂತ ಇಟ್ಟರೆ ತಾನು ಕಾಯುತ್ತಿರುವ ಮಾತು ಪೂರ್ತಿ ಹೊಂದಿದಾಗ ಮಾತ್ರ. ಸ್ಪೀಕರ್ ಡಬ್ಬಿಯನ್ನು ಎಬ್ಬಿಸುವ ಹೆಸರಿಗೂ ಈಗ ಹಾಟ್‌ವರ್ಡ್ ಅನ್ನುತ್ತಾರೆ. ಅದು ಬೇರೆ ಕಥೆ, ಇಲ್ಲಿಗೆ ತರಬೇಡಿ. ಗದ್ದಲದಲ್ಲಿ ನಿಂತು ಕರೆ ಮಾಡುವವರೇ ಜಾಸ್ತಿ ಇದ್ದರೆ ಎರಡನೆಯದನ್ನೇ ಇಡಿ.

ಬಾರ್ಜ್-ಇನ್ ಆಫ್ ಮಾಡಲೂ ಬರುತ್ತದೆ. "ಈ ಕರೆ ರೆಕಾರ್ಡ್ ಆಗುತ್ತಿದೆ" ಎಂಬ ಸೂಚನೆಗೆ ಆಫ್ ಮಾಡಿದರೆ ಒಪ್ಪೋಣ. ಜಾಹೀರಾತು ಕೇಳಿಸಲಿಕ್ಕೆ ಆಫ್ ಮಾಡುವವರ ಬಗ್ಗೆ ನನ್ನ ಬಾಯಲ್ಲಿ ಒಳ್ಳೆ ಮಾತು ಬರುವುದಿಲ್ಲ.